ಕೇಳದೆ ಬಿಟ್ಟ ಬಾಗಿಲು

ಹುಮನಾಬಾದ
೧೨ ಫೆಬ್ರುವರಿ ೧೯೭೪, ಮಂಗಳವಾರ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಸೂಗಮ್ಮನ ಶರಣಾರ್ಥಿಗಳು. ಶರಣಾರ್ಥಿ ಬರೆಯುವ ಮನಸ್ಸಿರಲಿಲ್ಲ. ಅಜ್ಜಿ ಪಕ್ಕದಲ್ಲೇ ಕೂತು, ಓದಲು ಬರದಿದ್ದರೂ ಮೊದಲ ಸಾಲಿನ ಉದ್ದ ನೋಡಿ, ಬರೆದೆಯೋ ಇಲ್ಲವೋ ಎಂದು ಕೇಳಿದಳು. ಅದಕ್ಕೇ ಬರೆದಿದ್ದೇನೆ. ಮನೆಯಲ್ಲಿ ನಿಮ್ಮನ್ನು ನೀನು ಎನ್ನುವವಳು ಈ ಕಾಗದದಲ್ಲಿ ನೀವು ಎನ್ನುತ್ತೇನೆ. ಅದು ಮರ್ಯಾದೆಗಲ್ಲ ಎಂಬುದು ನಿಮಗೆ ಗೊತ್ತಿರಲಿ.

ನಿಮ್ಮ ಮೊಣಕಾಲು ಹೇಗಿದೆ? ಸೋದರತ್ತೆಯ ಮನೆಯ ಮಾಳಿಗೆಯ ಮೆಟ್ಟಿಲು ಕಡಿದಾಗಿದೆ, ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯಬೇಡಿ. ಬೇವಿನೆಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳಿ. ಅತ್ತೆ ಖಾರ ಸುರಿಯುವ ಕೈಯವಳು, ಊಟದ ಮೇಲೆ ಮಜ್ಜಿಗೆ ಬಿಡಬೇಡಿ. ಇಲ್ಲಿ ಅಜ್ಜಿಯ ಕೆಮ್ಮು ಕಡಿಮೆಯಾಗಿದೆ. ಅವ್ವ ಚೆನ್ನಾಗಿದ್ದಾಳೆ, ಆದರೆ ನಿಮ್ಮ ಹೆಸರು ಎತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ. ನೀವು ಹೋದ ಮರುದಿನದಿಂದ ನಮ್ಮ ಸ್ಟೋ ಸೋರುತ್ತಿದೆ. ಎರಡು ತಾಲೂಕಿನ ಸ್ಟೋಗಳನ್ನು ರಿಪೇರಿ ಮಾಡುವ ಬಸವಣಪ್ಪನವರ ಮನೆಯಲ್ಲಿ ಹದಿನೆಂಟು ದಿನದಿಂದ ಕಟ್ಟಿಗೆಯ ಒಲೆ ಊದುತ್ತಿದ್ದೇವೆ. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಮಾತು ಅಜ್ಜಿಯ ಬಾಯಲ್ಲಿ ದಿನಕ್ಕೆ ಒಂದು ಸಲವಾದರೂ ಬರುತ್ತದೆ. ನೀವು ಅವಳ ಹೊಟ್ಟೆಯಲ್ಲೇ ಹುಟ್ಟಿದವರು, ಅವಳು ಅನ್ನಬಹುದು. ನಾನು ಬರೀ ಬರೆದು ತಿಳಿಸುತ್ತಿದ್ದೇನೆ.

ಅತ್ತೆಯ ಊರು ಕಲ್ಯಾಣ ಏನು ದೂರವಲ್ಲ, ಬಸ್ಸು ಹತ್ತಿ ಬಂದು ಎದುರಿಗೇ ಹೇಳಬಹುದಿತ್ತು. ಆದರೆ ನನ್ನ ದನಿ ನಿಮಗೆ ಗೊತ್ತು. ನಾನು ಅತ್ತೆಯ ಅಂಗಳದಲ್ಲಿ ನಿಂತು ಶುರು ಮಾಡಿದರೆ ಕೋಟೆಯ ಮೇಲಿನ ಪಾರಿವಾಳ ಎದ್ದಾವು. ಅತ್ತೆಯ ಓಣಿಯವರಂತೂ ನಮ್ಮ ಕಸುಬಿಗೆ ಬರಬೇಕಾದವರು, ತಪ್ಪಿ ಬೇರೆ ಬೇರೆ ಅಂಗಡಿ ಹಾಕಿಕೊಂಡು ಕೂತಿದ್ದಾರೆ. ಅದಕ್ಕೇ ಕಾಗದ.

ನಮ್ಮ ಕಸುಬೇನೆಂದು ನಿಮಗೇ ಬರೆದು ಹೇಳಬೇಕೇ? ಹೇಳಲೇಬೇಕಾಗಿದೆ, ನೀವು ಮರೆತಂತಿದೆ. ಸಂಗಪ್ಪಜ್ಜ ಕಳುವಾದ ಎತ್ತುಗಳ ಹೆಜ್ಜೆ ಹಿಡಿಯುತ್ತಿದ್ದ. ದುಬಲಗುಂಡಿಯಲ್ಲಿ ಕಳೆದ ಎತ್ತಿನ ಗೊರಸು ನೋಡಿಕೊಂಡು ಮೋರಖಂಡಿಯ ಹಟ್ಟಿಯ ತನಕ ನಡೆದು, ಇದೇ ಎತ್ತು ಎಂದು ಬೆನ್ನು ತಟ್ಟುತ್ತಿದ್ದ. ಹೊಸ ರಾಜ್ಯವಾದ ವರ್ಷ ಅವನು ತೀರಿಕೊಂಡ. ನೀವು ಎತ್ತು ಬಿಟ್ಟು ಗಂಡು ಹೆಣ್ಣುಗಳ ವಿಚಾರಣೆ ಹಿಡಿದಿರಿ. ಸಂಬಂಧ ಗಟ್ಟಿ ಮಾಡುವ ಮೊದಲು ಆ ಮನೆ ಎಂಥದು, ಹುಡುಗ ಕುಡಿಯುತ್ತಾನೋ, ಹುಡುಗಿ ಎಂಥವಳೋ ಎಂದು ಪತ್ತೆ ಮಾಡಿ ಬರೆದುಕೊಡುವ ಕೆಲಸ. ಸ್ಟೋ ರಿಪೇರಿ ಅದಕ್ಕೆ ಹೊದಿಸಿದ ಚಾದರ. ಸ್ಟೋ ರಿಪೇರಿಯವನನ್ನು ಯಾರ ಅಡುಗೆಮನೆಯೂ ಬೇಡ ಎನ್ನುವುದಿಲ್ಲ, ಪಿನ್ನು ಹಾಕಿ ಗಾಳಿ ಹೊಡೆಯುವಷ್ಟರಲ್ಲಿ ಆ ಮನೆಯ ಜಗಳವೆಲ್ಲ ಕಿವಿಗೆ ಬಿದ್ದಿರುತ್ತದೆ. ಬಾವಿಯ ಕಟ್ಟೆ ಅಜ್ಜಿಯ ಪಾಲು, ಕಿರಾಣಿ ಅಂಗಡಿ ಅವ್ವನ ಪಾಲು, ಹಿಟ್ಟಿನ ಗಿರಣಿ ನನ್ನದು. ಓಣಿಯ ಕಟ್ಟೆಯ ಗಂಡಸರು ನಿಮ್ಮ ಪಾಲು. ನಾಲ್ಕು ಬಾಗಿಲು. ಅಜ್ಜ ಹೇಳಿದ್ದನ್ನು ನೀವೇ ನನಗೆ ಬಾಯಿಪಾಠ ಮಾಡಿಸಿದ್ದಿರಿ: "ಎತ್ತಿನ ಗೊರಸು ಸುಳ್ಳು ಹೇಳೂದಿಲ್ಲ, ಮನಷ್ಯಾನ ಬಾಯಿ ಹೇಳತದ. ಅದಕ್ಕ ನಾಕ್ ಬಾಗಲಾ ಕೇಳು, ಎರಡು ಬಾಗಲದ ಮಾತು ಕೂಡಿದ್ದಷ್ಟೇ ಬರಿ, ಯಾವ ಬಾಗಲಾ ಅಂತ ಬಾಜೂಕ ಬರಿ." ಬರೆದ ಕಾಗದಕ್ಕೆ ಸಹಿ ಹಾಕುವಂತಿಲ್ಲ. ಕೆಲಸ ಕೊಟ್ಟವನಿಗೆ ನಮ್ಮ ಹೆಸರು ಗೊತ್ತಾಗಬಾರದು. ಎರಡು ಊರಿಗೂ ಬಳೆ ಹೊತ್ತು ತಿರುಗುವ ಹಜಿರಾ ಬೀ ಚೀಟಿ ತರುತ್ತಾಳೆ, ಕಾಗದ ಒಯ್ಯುತ್ತಾಳೆ, ಬಾಯಿ ಬಿಡುವುದಿಲ್ಲ. ಹದಿನೆಂಟು ವರ್ಷ ಹೀಗೆ ನಡೆಯಿತು.

ಈಗ ನನ್ನ ಸಂಗತಿಗೆ ಬರುತ್ತೇನೆ. ಹೋದ ದಸರೆಯ ಮುಂದೆ ಕಲ್ಯಾಣದ ಒಂದು ಮನೆಯ ವಿಚಾರಣೆಗೆ ನಾನು, ಅಜ್ಜಿ ಬಂದಿದ್ದು ನಿಮಗೆ ನೆನಪಿದೆ. ಅಲ್ಲಿಯ ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟು, ನಾನು ಎಂದಿನಂತೆ ಆಚೀಚೆಯ ಮಾತು ತೆಗೆದು ಆ ಮನೆಯವರು ಹೇಗೆ ಎಂದು ಕೇಳಿದೆ. ಗಿರಣಿಯ ನಾಗನಾಥ ತಲೆ ಎತ್ತದೆ, "ಜ್ವಾಳ ಬೀಸೂದು ನನ್ನ ಕೆಲಸ ರಿ, ಮಂದೀನ್ನ ಬೀಸೂದಲ್ಲ" ಎಂದ. ಹದಿನಾಲ್ಕನೇ ವಯಸ್ಸಿನಿಂದ ಎಷ್ಟು ಗಿರಣಿ ಕಂಡಿದ್ದೇನೆ ನಾನು! ಹಿಟ್ಟಿಗಿಂತ ಮೊದಲು ಮಾತು ಬೀಳುವ ಗಿರಣಿಗಳು. ಈತನದೊಂದು ಬಾಯಿ ಮುಚ್ಚಿತ್ತು. ಸಿಟ್ಟು ಬಂತು. ಮತ್ತೆರಡು ಸಲ ಹೋದೆ, ವಿಚಾರಣೆಗೆ ಎಂದು ನಿಮಗೆ ಹೇಳಿ. ಮೂರನೇ ಸಲ ಆತ ಕೇಳಿದ್ದು ಒಂದೇ ಮಾತು, ನಮ್ಮ ಊರು ಯಾವುದೆಂದು. ತಿಂಗಳು ಕಳೆಯುವುದರೊಳಗೆ ಅವನ ಸೋದರಮಾವ ಮಾಣಿಕಪ್ಪನವರಿಂದ ಹೆಣ್ಣು ಕೇಳಿ ಮಾತು ಬಂತು. ಅವ್ವ ಬೆಲ್ಲ ಹಂಚಿದಳು. ನೀವು ನೋಡೋಣ ಎಂದಿರಿ. ಎಳ್ಳಮಾಸಿಯ ದಿನ ಹೊಲದಲ್ಲಿ ಕೂತು ನಾನು ಮಾಡಿದ ರೊಟ್ಟಿ ಭಜ್ಜಿ ಉಣ್ಣುವಾಗ ಮಾತ್ರ, "ಮುಂದಿನ ಎಳ್ಳಮಾಸಿಗಿ ಭಜ್ಜಿ ಯಾರ ಕೈಯಾಗಿಂದು ಉಣಬೇಕೋ ಏನೋ" ಎಂದು ರೊಟ್ಟಿಗೆ ಹೇಳಿದಿರಿ. ನಾನದನ್ನು ಹಸಿವಿನ ಮಾತು ಎಂದುಕೊಂಡೆ.

ಜನವರಿ ಇಪ್ಪತ್ತನಾಲ್ಕಕ್ಕೆ ಮಾಣಿಕಪ್ಪನವರ ಕಡೆಯಿಂದ ಈ ಸಂಬಂಧ ಬೇಡ ಎಂಬ ಮಾತು ಬಂತು, ಕಾರಣ ಹೇಳಲಿಲ್ಲ. ಇಪ್ಪತ್ತೈದಕ್ಕೆ ನೀವು ಸ್ಟೋ ಡಬ್ಬಿ ಎತ್ತಿಕೊಂಡು, ಕಲ್ಯಾಣದಲ್ಲಿ ದೊಡ್ಡ ಕೆಲಸ ಬಂದಿದೆ ಎಂದು ಮೊದಲ ಬಸ್ಸಿಗೇ ಹೊರಟಿರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಚಿಕ್ಕಂದಿನಲ್ಲಿ ನನಗೆ ಹೇಳಿದವರು ನೀವೇ. ಆದರೂ ನಮಗೆ ಹೊಳೆಯಲಿಲ್ಲ. ಪತ್ತೆಯ ಮನೆತನ ನಮ್ಮದು ನೋಡಿ!

ಯಾರೋ ನಮ್ಮ ಬಗ್ಗೆ ವಿಚಾರಣೆ ಮಾಡಿ ಕೆಟ್ಟದ್ದು ಬರೆದಿದ್ದಾರೆ ಎಂಬುದು ಗೊತ್ತಾಯಿತು. ಕಸುಬಿನವರಿಗೆ ಅಷ್ಟೂ ತಿಳಿಯದೇ? ಅಂಥವನು ಯಾರು ಎಂದು ಮೂವರೂ ಸೊಂಟ ಕಟ್ಟಿದೆವು. ಅವ್ವ ಕಿರಾಣಿ ಅಂಗಡಿಯವನನ್ನು ಹಿಡಿದು ಕೂತಳು, ಸಾಬೂನಿನಿಂದ ಶುರುವಾದ ಮಾತು ಅವನ ಮುತ್ತಜ್ಜನ ತನಕ ಹೋಗಿ ಈಗ ನಮಗೆ ಎಣ್ಣೆ ಬೇಕೆಂದರೆ ಎರಡು ಓಣಿ ದಾಟಬೇಕು. ಅಜ್ಜಿ ಬಾವಿಯ ಕಟ್ಟೆಯಲ್ಲಿ ಪಕ್ಕದ ಮನೆಯ ಶೇವಂತಾಬಾಯಿಯ ಕೊಡ ಒದ್ದು ಉರುಳಿಸಿದಳು. ಎಂಬತ್ತರ ಹತ್ತಿರದವಳು! ನಾನು ನಮ್ಮೂರ ಗಿರಣಿಯಲ್ಲಿ ಬೀಸಿಸಲು ಬಂದ ಗಯಾಬಾಯಿಯ ಜೊತೆ ಮಾತು ಬಿಟ್ಟೆ. ಎಲ್ಲರನ್ನೂ ಕೇಳಿದ್ದು ಒಂದೇ, ಯಾರಾದರೂ ಬೇರೆ ಊರಿನವರು ಬಂದು ನನ್ನ ಬಗ್ಗೆ ಕೇಳಿದರೇ ಎಂದು. ಎಲ್ಲರೂ ಹೇಳಿದ್ದೂ ಒಂದೇ. ಯಾರೂ ಬಂದಿಲ್ಲ. ಗಯಾಬಾಯಿ ಮಾತ್ರ ಡಬ್ಬಿ ಎತ್ತಿಕೊಂಡು ಹೋಗುವಾಗ, "ಯಾರೂ ಬಂದಿಲ್ಲವಾ ತಾಯಿ. ನಿಮ್ಮಪ್ಪನೇ ಬಂದು ಕುಂತು, ನಮ್ಮ ಸೂಗಿಗಿ ಸಿಟ್ಟು ಭಾಳ ಅದ ಅಲ್ಲ ಅಂತ ಕೇಳಿದ. ಹೌದಪ್ಪಾ ಅಂದೆ" ಎಂದಳು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೇಳಲು ಬರುವವನು ಪರಊರಿನವನೇ ಎಂದು ನಮ್ಮ ತಲೆಯಲ್ಲಿ ಗೂಟ ಹೊಡೆದಿದೆ. ಮಗಳ ಬಗ್ಗೆ ಅಪ್ಪ ಗೊಣಗಿದರೆ ಅದೇನು ವಿಚಾರಣೆಯೇ? ಶೇವಂತಾಬಾಯಿಯೂ ಅದನ್ನೇ ಹೇಳಿದ್ದಳಂತೆ, ಅಜ್ಜಿ ಕೊಡ ಒದೆಯುವ ಮೊದಲು. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದೆವು.

ಹೋದ ಗುರುವಾರ ಹಜಿರಾ ಬೀ ಬಂದಳು. ಅವ್ವನ ಕೈಗೆ ಬಳೆ ಇಡುತ್ತಿದ್ದಳು. ಇತ್ತೀಚೆಗೆ ಹುಮನಾಬಾದಿನ ಹುಡುಗಿಯ ಬಗ್ಗೆ ಕಲ್ಯಾಣದಿಂದ ಯಾರಿಗಾದರೂ ಚೀಟಿ ಬಂದಿತ್ತೇ ಎಂದು ಕೇಳಿದೆ. ಅವಳು ಹೇಳುವವಳಲ್ಲ. ಆದರೆ ಮಾತು ಕೇಳಿ ಎರಡು ಬಳೆ ಒಡೆದಳು. ನನ್ನ ಜನ್ಮದಲ್ಲಿ ಅವಳ ಕೈಯಲ್ಲಿ ಬಳೆ ಒಡೆದದ್ದು ನೋಡಿರಲಿಲ್ಲ. ಕೊನೆಗೆ, "ಬೇಟಿ, ಮಾಣಿಕಪ್ಪನ ಚೀಟಿ ನಾನೇ ತಂದೀನಿ, ನಿಮ್ಮಪ್ಪನ ಕೈಯಾಗೇ ಇಟ್ಟೀನಿ. ಅದರಾಗ ಯಾರ ಹೆಸರು ಅದ ಅಂತ ನಂಗೇನು ಗೊತ್ತು, ಓದಾಕ ಬರತದೇನು ನಂಗ" ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅವ್ವ ಬಳೆಯ ಕೈ ಹಾಗೇ ಚಾಚಿಕೊಂಡು ಕೂತಿದ್ದಳು. ಅಜ್ಜಿ ಮಾತ್ರ, ಬೇಲಿನೇ ಎದ್ದು ಹೊಲ ಮೇದದ ಎಂದಳು. ಆವತ್ತು ಯಾರೂ ಸರಿಯಾಗಿ ಉಣ್ಣಲಿಲ್ಲ.

ಮಾಣಿಕಪ್ಪನವರಿಗೆ ಬೇಕಾದದ್ದು ಹೆಸರಿಲ್ಲದ ಪತ್ತೇದಾರ. ಚೀಟಿ ಬಂದದ್ದು ಹುಡುಗಿಯ ಅಪ್ಪನಿಗೆ. ನೀವು ಹಜಿರಾ ಬೀಗೆ ಚೀಟಿ ತಿರುಗಿ ಕೊಟ್ಟು, ಇದು ನನ್ನಿಂದಾಗದು ಎನ್ನಬಹುದಿತ್ತು. ಹರಿದು ಹಾಕಬಹುದಿತ್ತು. ಇಲ್ಲ. ಸ್ವಂತ ಮಗಳ ಬಗ್ಗೆ ಬಾವಿ, ಗಿರಣಿ, ಅಂಗಡಿ ಸುತ್ತಿದಿರಿ. ಎಂಥ ಗಂಡಸು ನೀವು ಎಂದು ಬರೆಯಬೇಕೆನಿಸುತ್ತದೆ, ಅಜ್ಜಿ ಕೂತಿದ್ದಾಳೆ.

ಶನಿವಾರ ನಾನು ಕಲ್ಯಾಣಕ್ಕೆ ಬಂದಿದ್ದೆ. ನಿಮಗೆ ಗೊತ್ತಿಲ್ಲ. ಅತ್ತೆಯ ಮನೆಯ ಮುಂದೆಯೇ ಹಾದು ಹೋದೆ. ನೀವು ಮಾಳಿಗೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಯಾರದೋ ಸ್ಟೋ ಬಿಚ್ಚಿಕೊಂಡು ಕೂತಿದ್ದಿರಿ. ಅಂಗಿಯ ಹೆಗಲು ಹರಿದಿತ್ತು. ಅತ್ತೆ ಹೊಲಿದುಕೊಡುವುದಿಲ್ಲವೇ? ಕೂಗಲಿಲ್ಲ, ಗಿರಣಿಗೆ ನಡೆದೆ. ನಾಗನಾಥ ನನ್ನನ್ನು ನೋಡಿ ಪಟ್ಟಾ ಇಳಿಸಿ ಗಿರಣಿ ನಿಲ್ಲಿಸಿದ. ಡಬ್ಬಿ ಹಿಡಿದು ನಿಂತ ಹೆಂಗಸರು ಗೊಣಗಿದರು. ನನ್ನ ಬಗ್ಗೆ ಬಂದ ಕಾಗದ ತೋರಿಸಿ ಎಂದೆ. ಅದು ಮಾವನನ್ನು ನಂಬಿ ಬಂದ ಕಾಗದ, ಮಂದಿಯ ಮಾತು, ತೋರಿಸಲಾಗದು ಎಂದ. ಎಷ್ಟು ಸಿಟ್ಟು ಬಂತೆಂದರೆ ಅಲ್ಲಿದ್ದ ತಕ್ಕಡಿ ಎತ್ತಿ ಒಗೆಯಬೇಕೆನಿಸಿತು. ಆತ ಕೈಯ ಹಿಟ್ಟು ಜಾಡಿಸಿ, ಒಳಗೆ ಹೋಗಿ ತಂದು, "ನಿಮ್ಮ ಬಗ್ಗೇನೇ ಬರದಾರ ಅಂದ್ರ ಇದು ನಿಮ್ಮದೇ ರಿ. ಒಯ್ರಿ" ಎಂದ. ಹದಿನೆಂಟು ವರ್ಷ ಊರ ಹುಡುಗಿಯರ ಬಗ್ಗೆ ಬರೆದ ನಮಗೆ ಆ ಮಾತು ಒಮ್ಮೆಯಾದರೂ ಹೊಳೆದಿತ್ತೇ ಅಪ್ಪಾ?

ಕಾಗದಕ್ಕೆ ಎಂದಿನಂತೆ ಸಹಿಯಿಲ್ಲ. ಸ್ಟೋ ಪಿನ್ನು ಸುತ್ತಿ ಬರುವ ಕಾಗದದ ಬೆನ್ನಿಗೆ ನಿಮ್ಮ ಪೆನ್ಸಿಲ್ಲು, ಮೂಸಿದರೆ ಸೀಮೆಎಣ್ಣೆ. ಓದಿದೆ. ಸಿಟ್ಟು ಜಾಸ್ತಿ, ಬಾವಿ ಮತ್ತು ಗಿರಣಿ. ಇರಲಿ, ಒಪ್ಪಿದೆ. ರೊಟ್ಟಿ ದಪ್ಪ, ಅಂಚು ಸೀಳುತ್ತದೆ, ಬಾವಿ ಮತ್ತು ಓಣಿಯ ಕಟ್ಟೆ. ನಾನು ರೊಟ್ಟಿ ಬಡಿಯಲು ಕಲಿತಾಗಿನಿಂದ ಒಂದು ದಿನ ತಾಟಿನಲ್ಲಿ ರೊಟ್ಟಿ ಬಿಟ್ಟು ಎದ್ದಿದ್ದೀರಾ ನೀವು? ಒಡೆದ ಚಹಾದ ಕಪ್ಪು ಬಶಿ ಜೋಳದ ಕಣಕಿಯ ಬಣವೆಯಲ್ಲಿ ಮುಚ್ಚಿಡುತ್ತಾಳೆ, ಅಂಗಡಿ ಮತ್ತು ಬಾವಿ. ಅದು ಅಂಗಡಿಯವನಿಗೆ ಹೇಗೆ ಗೊತ್ತಾಯಿತು ಎಂಬುದು ಇನ್ನೂ ಪತ್ತೆಯಾಗಿಲ್ಲ, ಮಾಡುತ್ತೇನೆ. ದಾರಿಯಲ್ಲಿ ನೆಲದ ಮೇಲಿನ ಹೆಜ್ಜೆ ನೋಡಿಕೊಂಡು ನಡೆಯುತ್ತಾಳೆ, ಎದುರು ಬಂದವರನ್ನು ನೋಡುವುದಿಲ್ಲ, ಓಣಿಯ ಕಟ್ಟೆ ಮತ್ತು ಗಿರಣಿ. ಸೈಕಲ್ಲಿನ ಮುಂದಿನ ಕೋಲಿನ ಮೇಲೆ ಕೂರಿಸಿಕೊಂಡು ಹೋಗಿ, ಇದು ಹಸುವಿನದು, ಇದು ಹೋರಿಯದು, ಇದು ಕುಂಟುವ ಎತ್ತಿನದು ಎಂದು ನೆಲ ನೋಡುವುದನ್ನು ಕಲಿಸಿದವರು ಯಾರು? ಸುಳ್ಳು ಹೇಳುವುದಿಲ್ಲ, ನಾಲ್ಕೂ ಬಾಗಿಲು. ಅಲ್ಲಿಗೆ ಬಂದಾಗ ನನ್ನ ಕಣ್ಣು ತುಂಬಿದವು, ಸಿಟ್ಟು ಅರ್ಧ ಇಳಿಯಿತು. ಮಗಳೆಂದು ರಿಯಾಯಿತಿ ಕೊಡದೆ ಕಸುಬು ಉಳಿಸಿಕೊಂಡಿದ್ದಾನೆ ನಮ್ಮಪ್ಪ ಎಂದುಕೊಂಡೆ.

ಆಮೇಲೆ ಕೊನೆಯ ಸಾಲು. ಹುಡುಗಿಗೆ ಈ ಸಂಬಂಧದಲ್ಲಿ ಮನಸ್ಸಿಲ್ಲ.

ಅದರ ಪಕ್ಕದಲ್ಲಿ ಏನೂ ಬರೆದಿಲ್ಲ. ಬಾವಿಯಿಲ್ಲ, ಗಿರಣಿಯಿಲ್ಲ, ಅಂಗಡಿಯಿಲ್ಲ, ಕಟ್ಟೆಯಿಲ್ಲ. ಅವರು ಸಂಬಂಧ ಬಿಟ್ಟದ್ದು ನನ್ನ ಸಿಟ್ಟಿಗಲ್ಲ, ದಪ್ಪ ರೊಟ್ಟಿಗಲ್ಲ, ಆ ಸಾಲಿಗೆ. ಮನಸ್ಸಿಲ್ಲದ ಹುಡುಗಿಯನ್ನು ತರುವುದು ಬೇಡ ಎಂದು ನಾಗನಾಥನೇ ಹೇಳಿದನಂತೆ. ಸುಳ್ಳು ಬರೆಯಲು ನಿಮ್ಮ ಕೈ ಬಂತು, ಅದಕ್ಕೊಂದು ಸುಳ್ಳು ಬಾಗಿಲು ಬರೆಯಲು ಬರಲಿಲ್ಲ. ಅಜ್ಜನ ಭಯವೇ? ಒಂದು ಬಾಗಿಲು ಬರೆದಿದ್ದರೆ ನಾನು ನಂಬುತ್ತಿದ್ದೆ, ಯಾರೋ ಹೇಳಿದ್ದಾರೆ, ಅಪ್ಪ ಮೋಸ ಹೋಗಿದ್ದಾನೆ ಎಂದು. ಖಾಲಿ ಬಿಟ್ಟು ನೀವೇ ಸಿಕ್ಕಿಬಿದ್ದಿರಿ.

ನಿಮಗೆ ಗೊತ್ತಿರಲಿಲ್ಲ ಎಂದು ಹೇಳಬೇಡಿ. ಎರಡು ಸಲ ವಿಚಾರಣೆಯಿಲ್ಲದ ಊರಿಗೆ ವಿಚಾರಣೆಗೆಂದು ಹೋದ ಮಗಳ ಹೆಜ್ಜೆ ಓದಲು ಬರದವರಲ್ಲ ನೀವು. ನನ್ನ ಮನಸ್ಸು ನಿಮಗೆ ಅವ್ವನಿಗಿಂತ ಮೊದಲು ತಿಳಿದಿತ್ತು. ತಿಳಿದೇ ಬರೆದಿರಿ. ನಾನು ಹೋದರೆ ನಿಮ್ಮ ಜೊತೆ ಊರೂರು ತಿರುಗುವವರು ಯಾರು, ಕಾಗದ ತಿದ್ದುವವರು ಯಾರು, ಎಳ್ಳಮಾಸಿಗೆ ಭಜ್ಜಿ ಮಾಡುವವರು ಯಾರು? ಹೋಗಬೇಡ ಸೂಗಿ ಎಂದು ನೀವು ಬಾಯಿಬಿಟ್ಟು ಅಂದಿದ್ದರೆ ಜಗಳ ಮಾಡುತ್ತಿದ್ದೆ, ಅಳುತ್ತಿದ್ದೆ, ಏನೋ ಒಂದು ಆಗುತ್ತಿತ್ತು. ಎರಡು ತಾಲೂಕಿನ ಹೆಣ್ಣುಮಕ್ಕಳ ಬಗ್ಗೆ ನಾಲ್ಕು ಬಾಗಿಲು ಬಡಿದವರು ನೀವು. ಯಾವ ಹುಡುಗಿಯ ಬಾಗಿಲನ್ನಾದರೂ ಒಂದು ಸಲ ಬಡಿದು, ನಿನಗೇನು ಬೇಕವ್ವಾ ಎಂದು ಕೇಳಿದ್ದೇವೆಯೇ? ಹೋಗಲಿ, ನನ್ನನ್ನಾದರೂ ಕೇಳಬಹುದಿತ್ತಲ್ಲ. ನಾನು ಒಲೆಯ ಮುಂದೆಯೇ ಕೂತಿದ್ದೆ.

ಇನ್ನೊಂದು ಮಾತು, ಇದು ನಿಮ್ಮ ಮೇಲಿನ ಸಿಟ್ಟಲ್ಲ, ನನ್ನ ಮೇಲಿನದು. ಹದಿನೇಳನೇ ವಯಸ್ಸಿನಲ್ಲಿ ದುಬಲಗುಂಡಿಯ ಒಬ್ಬ ಹುಡುಗಿಯ ಬಗ್ಗೆ ನಾನೇ ಬರೆದಿದ್ದೆ: ನಗು ಜಾಸ್ತಿ, ಬಾವಿ ಮತ್ತು ಗಿರಣಿ. ನಿಜವೇ ಬರೆದಿದ್ದೆ. ನೀವು ಬೆನ್ನು ತಟ್ಟಿದ್ದಿರಿ. ಆ ಸಂಬಂಧ ಮುರಿಯಿತು. ಅವಳು ಈಗ ನಗುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಶನಿವಾರ ಬಸ್ಸಿನಲ್ಲಿ ನಿಮ್ಮ ಕಾಗದ ಮಡಿಲಲ್ಲಿಟ್ಟುಕೊಂಡು ಬರುವಾಗ ಅವಳ ನೆನಪೇ ಆಯಿತು. ಇನ್ನು ಮೇಲೆ ಗಿರಣಿಯ ಬಾಗಿಲಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ, ನಾನು ಹೋಗುವುದಿಲ್ಲ.

ಅತ್ತೆಗೆ ನನ್ನ ನಮಸ್ಕಾರ ಹೇಳಿ, ಈ ಕಾಗದ ಓದಲು ಕೊಡಬೇಡಿ. ಅಂಗಿ ಹೊಲಿಸಿಕೊಳ್ಳಿ. ಅಜ್ಜಿ ಆಶೀರ್ವಾದ ಬರಿ ಎಂದಳು, ಅರ್ಧ ಆಶೀರ್ವಾದ ಬರೆಯಲೋ ಪೂರ್ತಿಯೋ ಎಂದು ಕೇಳಿದ್ದಕ್ಕೆ, "ಪೂರ್ತಿ ಬರಿ, ನನ್ನ ಮಗಾನೇ ಅಲ್ಲ" ಎಂದಳು. ಪೂರ್ತಿ ಬರೆದಿದ್ದೇನೆ. ಅವ್ವ ನಿಮ್ಮ ಉಣ್ಣೆಯ ಶಾಲು ಒಗೆದು ಒಣಗಿಸಿದ್ದಾಳೆ.

ನಿಮ್ಮ ಮಗಳು,
ಸೂಗಮ್ಮ

ತಾಜಾಕಲಂ: ಟಪಾಲು ಎತ್ತುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಧೈರ್ಯ ಬಂದದ್ದು ಈಗ. ಶನಿವಾರ ನಾನು ಗಿರಣಿಯಲ್ಲಿರುವಾಗಲೇ ಮಾಣಿಕಪ್ಪನವರು ಬಂದರು. ಕೊನೆಯ ಸಾಲು ಸುಳ್ಳು, ನನಗೆ ಮನಸ್ಸಿದೆ ಎಂದು ನಾಲ್ಕು ಹೆಂಗಸರ ಮುಂದೆ ಹೇಳಿಬಿಟ್ಟೆ. ಅವರು ನಿನ್ನ ಹಾಗೆಯೇ ಕಾಗದದ ಮನುಷ್ಯ ಅಪ್ಪಾ. "ಹುಡುಗಿ ತಾನೇ ಬಂದು ಹೇಳಿದ್ರ ಹ್ಯಾಂಗ ನಂಬಬೇಕು? ಬರದಾವ ಬಂದು ತಪ್ಪಾಗ್ಯಾದ ಅನ್ಲಿ, ನಂಬತೀನಿ" ಎಂದರು. ಅದನ್ನು ಕೇಳಲು ಸೋಮವಾರ ಹದಿನೆಂಟಕ್ಕೆ ನಮ್ಮ ಮನೆಗೆ ಬರುತ್ತಾರೆ, ನಾಗನಾಥನೂ ಬರುತ್ತಾನೆ. ಬರೆದವನು ಯಾರೆಂದು ಕೇಳಿದರು. ನಾನು ಸುಳ್ಳು ಹೇಳುವುದಿಲ್ಲ, ನಾಲ್ಕೂ ಬಾಗಿಲು ಗೊತ್ತಲ್ಲ, ಅದಕ್ಕೆ ಬಾಯಿ ಮುಚ್ಚಿಕೊಂಡು ನಿಂತೆ. ನಿನ್ನ ಹೆಸರು ಇನ್ನೂ ನನ್ನ ಬಾಯಿಂದ ಬಂದಿಲ್ಲ. ಬಂದು ಹೇಳಿದರೆ ಹದಿನೆಂಟು ವರ್ಷದ ಗುಟ್ಟು ಹೋಗುತ್ತದೆ, ಆಮೇಲೆ ಯಾರೂ ಚೀಟಿ ಕೊಡುವುದಿಲ್ಲ, ನೀನು ಬರೀ ಸ್ಟೋ ರಿಪೇರಿಯವನಾಗಿ ಉಳಿಯುತ್ತೀ. ಹೇಳದಿದ್ದರೆ ನಾನು ನಿನ್ನ ಮನೆಯಲ್ಲೇ ಉಳಿಯುತ್ತೇನೆ, ವರ್ಷಾ ಎಳ್ಳಮಾಸಿಗೆ ಭಜ್ಜಿ ಮಾಡುತ್ತೇನೆ, ಮಾತಾಡುವುದಿಲ್ಲ. ಯಾವುದು ಬೇಕೋ ನೋಡಿಕೋ. ಬರುವುದಾದರೆ ಭಾನುವಾರವೇ ಬಾ, ಸ್ಟೋ ಡಬ್ಬಿ ಹಿಡಿದುಕೊಂಡು ಹಿತ್ತಲಿಂದ ಬರಬೇಡ, ಮುಂದಿನ ಬಾಗಿಲಿಂದ ಬಾ. ಅವ್ವನ ಹತ್ತಿರ ಹೋಗುವ ಮೊದಲು, ಅಜ್ಜಿಯ ಕಾಲಿಗೆ ಬೀಳುವ ಮೊದಲು, ನನ್ನ ಹತ್ತಿರ ಬಾ. ಬಂದು ಒಂದು ಸಲ ಕೇಳು, ಸೂಗಿ ನಿನಗೇನು ಬೇಕು ಎಂದು. ಉತ್ತರ ನಿನಗೆ ಗೊತ್ತೇ ಇದೆ. ಆದರೂ ಕೇಳು.